ಏರ್ ಫ್ರೈಯರ್ ಅಡುಗೆಯಿಂದ ಕ್ಯಾನ್ಸರ್ ಬರುತ್ತದೆಯೇ?

‘ಏರ್ ಫ್ರೈಯರ್‌ನಿಂದ ವಿಕಿರಣ ಬರುತ್ತದೆ, ಕ್ಯಾನ್ಸರ್ ಖಚಿತ, ಇಂದೇ ಎಸೆಯಿರಿ’ ಎಂಬ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ವಿಕಿರಣದ ಮಾತಿಗೆ ಆಧಾರವಿಲ್ಲ. ಇದು ಕಾಯಿಲ್ ಮತ್ತು ಫ್ಯಾನ್ ಇರುವ ಪುಟ್ಟ ಓವನ್. ಎಕ್ಸ್-ರೇ ಬಿಡಿ, ಮೈಕ್ರೋವೇವ್ ಕೂಡ ಇದರಲ್ಲಿಲ್ಲ. ಬಿಸಿಗಾಳಿ ಸುತ್ತುತ್ತದೆ, ಅಷ್ಟೇ.

ಆದರೆ ಒಂದು ಎಳೆ ನಿಜವಿದೆ. ಆಲೂಗಡ್ಡೆಯಂಥ ಪಿಷ್ಟದ ಪದಾರ್ಥ 120 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ, ಅದರೊಳಗಿನ ಸಕ್ಕರೆಯೂ ಆಸ್ಪರಜಿನ್ ಎಂಬ ಅಮೈನೋ ಆಮ್ಲವೂ ಸೇರಿ ಅಕ್ರಿಲಮೈಡ್ ಉಂಟಾಗುತ್ತದೆ. ಆಹಾರದಲ್ಲಿ ಇದು ಇರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತಿಳಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಯಲ್ಲಿಟ್ಟಿದೆ. ಅದಕ್ಕೆ ಆಧಾರ ಮುಖ್ಯವಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳು. ಮನುಷ್ಯರ ಆಹಾರದ ವಿಷಯದಲ್ಲಿ ಸ್ಪಷ್ಟ ನಂಟು ಸಿಕ್ಕಿಲ್ಲ. ಬಾಣಲೆಯಲ್ಲಿ ಕರಿದರೂ ಅಕ್ರಿಲಮೈಡ್ ಉಂಟಾಗುತ್ತದೆ. ಏರ್ ಫ್ರೈಯರ್ ಮೇಲಷ್ಟೇ ಗೂಬೆ ಕೂರಿಸುವುದು ಸರಿಯಲ್ಲ.

ನಮಗೆ ಹೆಚ್ಚು ಆತಂಕ ತರುವುದು ಇನ್ನೊಂದು ಫಾರ್ವರ್ಡ್: ‘ಎಣ್ಣೆಯೇ ಇಲ್ಲ, ಎಷ್ಟು ಬೇಕಾದರೂ ತಿನ್ನಿ.’ ಎಣ್ಣೆ ಕಡಿಮೆ, ಒಪ್ಪೋಣ. ಪ್ಯಾಕೆಟ್ ಸಮೋಸಾದ ಮೈದಾ, ಉಪ್ಪು ಎಲ್ಲಿಗೂ ಹೋಗಿಲ್ಲ, ಅದರಲ್ಲಿ ಮೊದಲೇ ಸೇರಿದ ಎಣ್ಣೆಯೂ ಸಹ.

ಆಲೂಗಡ್ಡೆ ಹೆಚ್ಚಿದ ಮೇಲೆ ಅರ್ಧ ಗಂಟೆ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ ಹಾಕಿ. ಹೊಂಬಣ್ಣಕ್ಕೆ ಬಂದ ಕೂಡಲೇ ತೆಗೆಯಿರಿ. ಕಂದು ಬಣ್ಣಕ್ಕೆ ತಿರುಗಿದಷ್ಟೂ ಅಕ್ರಿಲಮೈಡ್ ಹೆಚ್ಚು.