ತುಕ್ಕನ್ನೇ ಉಸಿರಾಡುವ ಜೀವಿ

1979ರ ಆಗಸ್ಟ್ 20ರಂದು ಅಮೆರಿಕದ ಮಿನೆಸೋಟ ರಾಜ್ಯದ ಬೆಮಿಜಿ ಎಂಬ ಊರಿನ ಹತ್ತಿರ ಕಚ್ಚಾತೈಲದ ಕೊಳವೆಮಾರ್ಗ ಒಡೆಯಿತು. ಸುಮಾರು 17 ಲಕ್ಷ ಲೀಟರ್ ಎಣ್ಣೆ ಮರಳುನೆಲದ ಮೇಲೆ ಚೆಲ್ಲಿತು. ಪಂಪು ಹಚ್ಚಿ ತೆಗೆದದ್ದು, ಸುಟ್ಟದ್ದು, ಮಣ್ಣಿನ ಸಮೇತ ಬಾಚಿ ಸಾಗಿಸಿದ್ದು ಎಲ್ಲ ಕಳೆದ ಮೇಲೂ ನಾಲ್ಕು ಲಕ್ಷ ಲೀಟರಿನಷ್ಟು ಎಣ್ಣೆ ನೆಲದೊಳಗೇ ಉಳಿಯಿತು. ಅದು ಇಂಗುತ್ತ ಇಳಿದು ಅಂತರ್ಜಲದ ಮೇಲೆ ತೇಲಿ ನಿಂತಿತು. ಅದರಲ್ಲಿದ್ದ ಬೆಂಜೀನ್, ಟಾಲುಯೀನ್‌ನಂಥ ರಾಸಾಯನಿಕಗಳು ಕರಗಿ ನೀರಿನ ಜೊತೆ ಹರಿಯತೊಡಗಿದವು. ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು.

ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ 1983ರಲ್ಲಿ ಅಲ್ಲಿ ಅಧ್ಯಯನ ಶುರುಮಾಡಿತು. ಸಾಲಾಗಿ ವೀಕ್ಷಣಾ ಬಾವಿಗಳನ್ನು ಕೊರೆದು ನೀರೆತ್ತಿ ನೋಡುತ್ತ ಹೋದಾಗ ಕಂಡದ್ದು ಇದು: ನೀರು ಸಾಗಿದಷ್ಟು ದೂರ ಬೆಂಜೀನ್ ಸಾಗಿರಲಿಲ್ಲ. ದಾರಿಯಲ್ಲೇ ಎಲ್ಲೋ ಅದು ಇಲ್ಲವಾಗುತ್ತಿತ್ತು. ಆ ಭಾಗದ ನೀರಿನಲ್ಲಿ ಆಮ್ಲಜನಕ ಇರಲೇ ಇಲ್ಲ. ಬದಲಿಗೆ ಕರಗಿದ ಕಬ್ಬಿಣ ಹೇರಳವಾಗಿತ್ತು. ಎಣ್ಣೆ ಸೋರಿದ ಕಡೆ ಕಬ್ಬಿಣ ಯಾಕೆ ಕರಗಬೇಕು?

ಉತ್ತರ ಹೊಳೆದದ್ದು ಅದೇ ಸಂಸ್ಥೆಯ ಸೂಕ್ಷ್ಮಜೀವಿ ವಿಜ್ಞಾನಿ ಡೆರೆಕ್ ಲವ್ಲಿ ಅವರ ಕೆಲಸದಿಂದ. ವಾಷಿಂಗ್ಟನ್ ಪಕ್ಕದಲ್ಲಿ ಹರಿಯುವ ಪೊಟೊಮ್ಯಾಕ್ ನದಿಯ ತಳದ ಕೆಸರಿನಿಂದ ಅವರು ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ್ದರು. 1987ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದರ ವಿವರ ಬಂತು. ಗಾಳಿಯಿಲ್ಲದ ಬಾಟಲಿಯಲ್ಲಿ ಅದಕ್ಕೆ ತುಕ್ಕಿನಂಥ ಕಬ್ಬಿಣದ ಆಕ್ಸೈಡನ್ನು ಕೊಟ್ಟರೆ, ಕೆಲವೇ ದಿನಗಳಲ್ಲಿ ಆ ಕೆಂಪು ಪುಡಿ ಕಪ್ಪಾಗಿ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್ ಆಗುತ್ತಿತ್ತು. ಮುಂದೆ ಆ ಜೀವಿಗೆ ಜಿಯೊಬ್ಯಾಕ್ಟರ್ ಎಂದು ಹೆಸರಾಯಿತು.

ಇದು ಕಬ್ಬಿಣ ತಿನ್ನುವ ಜೀವಿ ಎಂದು ಬರೆದುಬಿಡುವವರಿದ್ದಾರೆ, ಅದು ಸರಿಯಲ್ಲ. ಅದು ಕಬ್ಬಿಣವನ್ನು ಉಸಿರಾಡುತ್ತದೆ. ಅನ್ನದಿಂದ ಬರುವ ಇಲೆಕ್ಟ್ರಾನುಗಳನ್ನು ಕೊನೆಗೆ ಯಾವುದಕ್ಕಾದರೂ ದಾಟಿಸಲೇಬೇಕು. ಅದಕ್ಕೇ ನಾವು ಆಮ್ಲಜನಕವನ್ನು ಒಳಗೆಳೆದುಕೊಳ್ಳುತ್ತೇವೆ. ಗಾಳಿಯಾಡದ ಕೆಸರಿನಲ್ಲಿ ಜಿಯೊಬ್ಯಾಕ್ಟರ್ ಅದೇ ಇಲೆಕ್ಟ್ರಾನುಗಳನ್ನು ತುಕ್ಕಿಗೆ ದಾಟಿಸುತ್ತದೆ. ಇಲೆಕ್ಟ್ರಾನ್ ಪಡೆದ ತುಕ್ಕಿನಲ್ಲಿ ಒಂದಷ್ಟು ನೀರಿನಲ್ಲಿ ಕರಗುತ್ತದೆ. ಬೆಮಿಜಿಯ ಕಬ್ಬಿಣದ ಗುಟ್ಟು ಇಷ್ಟೇ.

1989ರಲ್ಲಿ ಲವ್ಲಿ ಮತ್ತು ಸಂಗಡಿಗರು ಎರಡೂ ಎಳೆಗಳನ್ನು ಜೋಡಿಸಿದರು. ಜಿಯೊಬ್ಯಾಕ್ಟರ್ ಟಾಲುಯೀನನ್ನು ಆಹಾರವಾಗಿ ಬಳಸಿ, ತುಕ್ಕನ್ನು ಉಸಿರಾಡುತ್ತ, ಅದನ್ನು ಇಂಗಾಲದ ಡೈಆಕ್ಸೈಡ್ ಆಗುವವರೆಗೂ ಒಡೆಯುತ್ತದೆ ಎಂದು ತೋರಿಸಿದರು. ಟಾಲುಯೀನಿನ ಒಂದೇ ಒಂದು ಅಣುವನ್ನು ಹೀಗೆ ಮುಗಿಸಲು ಕಬ್ಬಿಣದ 36 ಅಯಾನುಗಳು ಬೇಕು. ಎಷ್ಟು ನಿಧಾನದ, ಎಷ್ಟು ದುಬಾರಿಯ ಕೆಲಸ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಆದರೆ ನೆಲದಡಿಯ ಮರಳಿನಲ್ಲಿ ತುಕ್ಕಿಗೆ ಬರವಿಲ್ಲ. ಸೂಕ್ಷ್ಮಜೀವಿಗಳಿಗೆ ಅವಸರವೂ ಇಲ್ಲ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಎಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಆನಂದ ಮೋಹನ ಚಕ್ರವರ್ತಿ. ಬಂಗಾಳದಿಂದ ಅಮೆರಿಕಕ್ಕೆ ಹೋದ ಈ ವಿಜ್ಞಾನಿ ಪ್ರಯೋಗಾಲಯದಲ್ಲಿ ರೂಪಿಸಿದ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಲ್ಲುತ್ತದೆ ಎಂದು 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದು ದೊಡ್ಡ ಸಾಧನೆಯೇ. ಆದರೆ ಆ ಜೀವಿಗೆ ಆಮ್ಲಜನಕ ಬೇಕು. ಎಣ್ಣೆ ಸೇರಿದ ಅಂತರ್ಜಲದಲ್ಲಿ ಮೊದಲು ತೀರಿಹೋಗುವುದೇ ಆಮ್ಲಜನಕ. ಲವ್ಲಿ ಹೊಸ ಜೀವಿಯನ್ನು ರೂಪಿಸಲು ಹೋಗಲಿಲ್ಲ. ಆ ಕತ್ತಲಲ್ಲಿ ಈಗಾಗಲೇ ಯಾರು ಬದುಕುತ್ತಿದ್ದಾರೆ, ಏನು ಉಣ್ಣುತ್ತಾರೆ, ಏನನ್ನು ಉಸಿರಾಡುತ್ತಾರೆ ಎಂದು ಕೇಳಿದರು. ಅಂತರ್ಜಲದ ಮಟ್ಟಿಗೆ ಈ ದಾರಿಯೇ ಹೆಚ್ಚು ಫಲ ಕೊಟ್ಟಿದೆ ಎಂದು ನನ್ನ ಎಣಿಕೆ.

ಇನ್ನೊಂದು ಸೋಜಿಗವಿದೆ. ಆಮ್ಲಜನಕ ಜೀವಕೋಶದೊಳಕ್ಕೆ ನುಸುಳಬಲ್ಲದು. ತುಕ್ಕಿನ ಕಣ ನುಸುಳದು. ಹಾಗಾದರೆ ಇಲೆಕ್ಟ್ರಾನು ಹೊರಗೆ ಹೋಗುವುದು ಹೇಗೆ? 1995ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಲವ್ಲಿ ಅವರ ತಂಡ 2005ರಲ್ಲಿ, ಜಿಯೊಬ್ಯಾಕ್ಟರಿನ ಮೈಯಿಂದ ಹೊರಚಾಚಿದ ಪ್ರೊಟೀನಿನ ಕೂದಲುಗಳೇ ವಿದ್ಯುತ್ ಸಾಗಿಸುತ್ತವೆ ಎಂದಿತು. ಅವಕ್ಕೆ ನ್ಯಾನೊತಂತಿ ಎಂಬ ಹೆಸರಾಯಿತು. ಆದರೆ 2019ರಲ್ಲಿ ನಿಖಿಲ್ ಮಾಲ್ವಂಕರ್ ಮತ್ತು ಸಂಗಡಿಗರು, ಆ ತಂತಿಗಳು ಲವ್ಲಿ ಭಾವಿಸಿದ ಪ್ರೊಟೀನಿನಿಂದಲ್ಲ, ಕಬ್ಬಿಣವನ್ನು ಒಳಗಿಟ್ಟುಕೊಂಡ ಸೈಟೊಕ್ರೋಮ್ ಎಂಬ ಬೇರೆ ಪ್ರೊಟೀನಿನಿಂದಾಗಿವೆ ಎಂದು ಚಿತ್ರಸಮೇತ ತೋರಿಸಿದರು. ಮಾಲ್ವಂಕರ್ ಭಾರತ ಮೂಲದವರು, ಹಿಂದೆ ಲವ್ಲಿ ಅವರ ಜೊತೆಯಲ್ಲೇ ಕೆಲಸ ಕಲಿತವರು. ಲವ್ಲಿ ಅದನ್ನು ಒಪ್ಪದೆ ವಾದಿಸಿದರು. ಗುರುವಿನ ಮಾತನ್ನು ಶಿಷ್ಯ ಪುರಾವೆಯಿಟ್ಟು ಪ್ರಶ್ನಿಸುವುದು ವಿಜ್ಞಾನದ ಆರೋಗ್ಯದ ಗುರುತು.

ಎಣ್ಣೆಯ ಮಾತು ಹೀಗಾದರೆ, ಯುರೇನಿಯಂ ಮಾತು ಬೇರೆ. 1991ರಲ್ಲಿ ಲವ್ಲಿ ತಂಡ ಇನ್ನೊಂದನ್ನು ಕಂಡುಕೊಂಡಿತು. ಜಿಯೊಬ್ಯಾಕ್ಟರ್ ತುಕ್ಕಿನ ಬದಲು ನೀರಿನಲ್ಲಿ ಕರಗಿದ ಯುರೇನಿಯಂಗೂ ಇಲೆಕ್ಟ್ರಾನ್ ದಾಟಿಸಬಲ್ಲದು. ಹಾಗೆ ದಾಟಿಸಿದೊಡನೆ ಯುರೇನಿಯಂ ಕರಗುವ ಗುಣ ಕಳೆದುಕೊಂಡು ಕಪ್ಪು ಖನಿಜವಾಗಿ ಮಣ್ಣಿನಲ್ಲಿ ಕೂರುತ್ತದೆ. ಇದನ್ನು ಬಯಲಿನಲ್ಲಿ ಪರೀಕ್ಷಿಸಲು ಆರಿಸಿಕೊಂಡದ್ದು ಕೊಲರಾಡೊ ರಾಜ್ಯದ ರೈಫಲ್ ಎಂಬಲ್ಲಿ, ನದಿಯ ದಂಡೆಯ ಮೇಲಿದ್ದ ಹಳೆಯ ಅದಿರು ಸಂಸ್ಕರಣಾ ಜಾಗವನ್ನು. ಗುಡ್ಡೆ ಬಿದ್ದಿದ್ದ ತ್ಯಾಜ್ಯವನ್ನು 1990ರ ದಶಕದಲ್ಲೇ ಸಾಗಿಸಿದ್ದರೂ ನೆಲದಡಿಯ ನೀರಿನಲ್ಲಿ ಯುರೇನಿಯಂ ಉಳಿದಿತ್ತು. 2002ರಲ್ಲಿ ಅಲ್ಲಿ ಸಾಲು ಬಾವಿಗಳ ಮೂಲಕ ಅಸಿಟೇಟ್, ಅಂದರೆ ವಿನೆಗರ್‌ನ ಹುಳಿಯ ಲವಣ, ನೆಲದೊಳಕ್ಕೆ ಬಿಟ್ಟರು. ಹೊರಗಿನಿಂದ ಒಂದೂ ಬ್ಯಾಕ್ಟೀರಿಯಾ ತಂದು ಸುರಿಯಲಿಲ್ಲ. ಅಲ್ಲಿದ್ದವಕ್ಕೇ ಊಟ ಇಟ್ಟರು.

ಜಿಯೊಬ್ಯಾಕ್ಟರ್ ವಂಶ ಹಬ್ಬಿ ಬೆಳೆಯಿತು. 50 ದಿನಗಳೊಳಗೆ ಕೆಲವು ಬಾವಿಗಳಲ್ಲಿ ಯುರೇನಿಯಂ ಸರ್ಕಾರ ಗೊತ್ತುಮಾಡಿದ ಮಿತಿಗಿಂತ ಕೆಳಗಿಳಿಯಿತು. ಬಳಿಕ ಏರತೊಡಗಿತು. ಅಸಿಟೇಟ್ ಬಿಡುತ್ತಲೇ ಇದ್ದರು, ಆದರೆ ಬಾವಿಗಳ ಹತ್ತಿರದ ಬಳಸಬಹುದಾದ ತುಕ್ಕು ತೀರಿತ್ತು. ಗಂಧಕದ ಸಲ್ಫೇಟನ್ನು ಉಸಿರಾಡುವ ಬೇರೆ ಬ್ಯಾಕ್ಟೀರಿಯಾಗಳು ಮುಂದೆ ಬಂದು ಆ ಊಟವನ್ನು ಉಂಡವು. ಅವಕ್ಕೆ ಯುರೇನಿಯಂ ಜೊತೆ ಅಂಥ ವ್ಯವಹಾರವಿರಲಿಲ್ಲ. ಈ ಹಿನ್ನಡೆಯನ್ನು ತಂಡ ಮುಚ್ಚಿಡದೆ ಪ್ರಕಟಿಸಿತು. ಇಡೀ ಸಂಶೋಧನೆಯಲ್ಲಿ ನನಗೆ ಅತಿ ಬೆಲೆಯುಳ್ಳದ್ದೆನಿಸುವುದು ಇದೇ ಭಾಗ.

ಯಾಕೆಂದರೆ ಎರಡು ಬಗೆಯ ಮಾಲಿನ್ಯದ ನಡುವಣ ಅಂತರ ಇಲ್ಲಿ ನಿಚ್ಚಳವಾಗುತ್ತದೆ. ಟಾಲುಯೀನ್ ಒಡೆದರೆ ಮುಗಿಯಿತು, ಅದು ಮತ್ತೆ ಹುಟ್ಟುವುದಿಲ್ಲ. ಯುರೇನಿಯಂ ಒಂದು ಧಾತು. ಅದನ್ನು ಯಾವ ಜೀವಿಯೂ ಒಡೆದು ಇಲ್ಲವಾಗಿಸದು. ಅದು ಇದ್ದಲ್ಲೇ ಇರುತ್ತದೆ, ಕೂತಿರುತ್ತದೆ ಅಷ್ಟೆ. ಆಮ್ಲಜನಕವೋ ನೈಟ್ರೇಟೋ ತಗುಲಿದರೆ ಮತ್ತೆ ಕರಗಿ ಎದ್ದು ಬರಬಹುದು. 'ಬ್ಯಾಕ್ಟೀರಿಯಾ ವಿಷ ನುಂಗಿತು' ಎಂಬ ತಲೆಬರಹ ಕಂಡಾಗೆಲ್ಲ ನಾವು ಕೇಳಬೇಕಾದ ಪ್ರಶ್ನೆ: ಒಡೆಯಿತೇ, ಕೂರಿಸಿತೇ?

ಕೂರಿಸುವ ಬದಲು ಎಬ್ಬಿಸುವುದೂ ಉಂಟು. ಪಶ್ಚಿಮ ಬಂಗಾಳ, ಬಾಂಗ್ಲಾದೇಶಗಳ ಕೈಪಂಪುಗಳಲ್ಲಿ ಬರುವ ಆರ್ಸೆನಿಕ್ ಲಕ್ಷಾಂತರ ಜನರ ಆರೋಗ್ಯ ಕೆಡಿಸಿದೆ. ಮ್ಯಾಂಚೆಸ್ಟರಿನ ವಿಜ್ಞಾನಿಗಳು ಪಶ್ಚಿಮ ಬಂಗಾಳದ ಮಣ್ಣನ್ನು ಪ್ರಯೋಗಾಲಯಕ್ಕೆ ಒಯ್ದು, ಅಸಿಟೇಟ್ ಬೆರೆಸಿ, ಲೋಹ ಉಸಿರಾಡುವ ಬ್ಯಾಕ್ಟೀರಿಯಾಗಳ ಕೆಲಸದಿಂದಲೇ ಮಣ್ಣಿನಲ್ಲಿ ಅಂಟಿಕೊಂಡಿದ್ದ ಆರ್ಸೆನಿಕ್ ನೀರಿಗೆ ಬಿಡುತ್ತದೆ ಎಂದು 2004ರಲ್ಲಿ ತೋರಿಸಿದರು. ರೈಫಲಿನಲ್ಲಿ ಔಷಧವಾದದ್ದು ಗಂಗೆಯ ಬಯಲಿನಲ್ಲಿ ವಿಷ ಬಿಡಿಸುತ್ತದೆ. ಹಾಗಾಗಿ ನೆಲದೊಳಕ್ಕೆ ಏನನ್ನಾದರೂ ಬಿಡುವ ಮುನ್ನ ಆ ನೆಲದಲ್ಲಿ ಏನೇನಿದೆ ಎಂದು ತಿಳಿಯದೆ ಮುಂದುವರಿಯುವಂತಿಲ್ಲ.

ನಮಗೂ ಇದು ದೂರದ ವಿಷಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ವಿಜ್ಞಾನಿಗಳು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ, 57 ಹಳ್ಳಿಗಳಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 30 ಮೈಕ್ರೊಗ್ರಾಂ ಮಿತಿ ದಾಟಿತ್ತು. ಇದು ಕಾರ್ಖಾನೆ ತಂದದ್ದಲ್ಲ. ಗ್ರಾನೈಟ್ ಕಲ್ಲಿನಲ್ಲೇ ಇರುವಂಥದ್ದು, ಕೊಳವೆಬಾವಿಗಳು ಆಳಕ್ಕಿಳಿದಂತೆ ನಮ್ಮ ಕೊಡಕ್ಕೆ ಬಂದದ್ದು. ಇಲ್ಲಿಗೂ ಅಸಿಟೇಟ್ ಸುರಿದರಾಯಿತಲ್ಲ ಎಂದು ಕೇಳಬಹುದು. ಆಗದು. ಬಿರುಕುಬಿಟ್ಟ ಬಂಡೆಯಲ್ಲಿ ನೀರು ಯಾವ ಸೀಳಿನಿಂದ ಯಾವ ಸೀಳಿಗೆ ಹೋಗುತ್ತದೆ ಎಂಬುದು ಮರಳಿನಲ್ಲಿರುವಷ್ಟು ಸರಳವಲ್ಲ. ಮೇಲಾಗಿ ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ನೀರಿನಲ್ಲಿದ್ದರೆ, ಬ್ಯಾಕ್ಟೀರಿಯಾಗಳು ಮೊದಲು ಅದನ್ನೇ ಉಸಿರಾಡುತ್ತವೆ. ಅದು ತೀರುವವರೆಗೆ ಯುರೇನಿಯಂ ಸರದಿ ಬರುವುದಿಲ್ಲ.

ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳ ಆರ್‌ಒ ಯಂತ್ರ ಯುರೇನಿಯಂನ ಬಹುಪಾಲನ್ನು ತಡೆಯುತ್ತದೆ ನಿಜ. ಆದರೆ ತಡೆದದ್ದೆಲ್ಲ ಹೊರಬಿಡುವ ನೀರಿನಲ್ಲಿ ಗಟ್ಟಿಯಾಗಿ ಸೇರಿರುತ್ತದೆ. ಆ ನೀರನ್ನು ಘಟಕದ ಹಿಂದಿನ ಚರಂಡಿಗೋ ಇಂಗುಗುಂಡಿಗೋ ಬಿಟ್ಟರೆ ಅದು ಮತ್ತೆ ನೆಲಕ್ಕೇ ಸೇರುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಕೊಳವೆಬಾವಿಯ ನೀರು ಕುಡಿಯುವವರಲ್ಲಿ ನನ್ನ ಕೋರಿಕೆ ಇಷ್ಟು: ನೀರಿನ ಪರೀಕ್ಷೆಗೆ ಕೊಡುವಾಗ ಫ್ಲೋರೈಡ್ ಜೊತೆಗೆ ಯುರೇನಿಯಂ ಮತ್ತು ನೈಟ್ರೇಟನ್ನೂ ನೋಡಿಕೊಡಿ ಎಂದು ಬಾಯಿಬಿಟ್ಟು ಕೇಳಿ. ಗ್ರಾಮಸಭೆಯಲ್ಲಿ, ಆರ್‌ಒ ಘಟಕ ಹೊರಬಿಡುವ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನೂ ಕೇಳಿ.