ಬಸುರಿಗೆ ತತ್ತಿ ಕೊಡಿ, ಪೂರ್ತಿ ಬೇಯಿಸಿ ಕೊಡಿ



ಆಹಾರವು ಹಲಾಲ್ ಆಗಿದ್ದರಷ್ಟೇ ಸಾಲದು, ತಯ್ಯಿಬ್ ಅಂದರೆ ಶುದ್ಧವೂ ಒಳ್ಳೆಯದೂ ಆಗಿರಬೇಕು ಎಂದು ಅಲ್ಲಾಹನು ನಮಗೆ ಕಲಿಸಿದ್ದಾನೆ. ಕೋಳಿಯ ತತ್ತಿ ಹಲಾಲ್ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಅದೇ ತತ್ತಿ ಹಸಿಯಾಗಿದ್ದರೆ ಬಸುರಿಗೆ ಕೇಡು ಮಾಡಬಹುದು. ಇದನ್ನು ಜುಮಾದಲ್ಲಿ ಗಂಡಸರ ಮುಂದೆ ಏಕೆ ಹೇಳಬೇಕು? ಅಂಗಡಿಯಿಂದ ತತ್ತಿ ತರುವವರು ಹೆಚ್ಚಾಗಿ ನಾವೇ. ಮನೆಯಲ್ಲಿ ಮೊದಲು ಉಣ್ಣುವವರೂ ನಾವೇ.

ನಮ್ಮ ಅಕ್ಕಿಆಲೂರು, ಹಾನಗಲ್ಲ ಕಡೆ ಎರಡು ಮಾತು ಕೇಳುತ್ತೇವೆ. ಒಂದು, ‘ತತ್ತಿ ಉಷ್ಣ, ಬಸುರಿಗೆ ಬೇಡ’. ಇನ್ನೊಂದು, ‘ಜವಾರಿ ತತ್ತಿ ಹಾಲಿಗೆ ಒಡೆದು ಹಸಿಯಾಗೇ ಕುಡಿದರೆ ಶಕ್ತಿ’. ಎರಡೂ ಸರಿಯಲ್ಲ.

ಮೊದಲನೆಯದನ್ನು ನೋಡೋಣ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಬಿ-12, ಡಿ ಜೀವಸತ್ವಗಳಿವೆ. ಕೂಸಿನ ಮೆದುಳು ಬೆಳೆಯಲು ಬೇಕಾದ ಕೋಲೀನ್ ಹಳದಿಯಲ್ಲಿದೆ. ಆದ್ದರಿಂದ ಹಳದಿ ತೆಗೆದು ಬಿಸಾಡಬಾರದು. ಇದನ್ನು ಅರಿತೇ ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಮಾತೃಪೂರ್ಣ ಯೋಜನೆ ತಂದಿತು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಬಿಸಿಯೂಟದ ಜೊತೆ ಹಾಲು, ಶೇಂಗಾ ಚಿಕ್ಕಿ, ಬೇಯಿಸಿದ ತತ್ತಿ ಕೊಡುವುದು ಅದರ ಕ್ರಮ. ಅಲ್ಲೇ ಕುಳಿತು ಉಣ್ಣಬೇಕು ಎಂದು ಆಗ ಇಟ್ಟದ್ದಕ್ಕೂ ಕಾರಣವಿತ್ತು: ಮನೆಗೆ ಒಯ್ದರೆ ಅದು ಎಲ್ಲರಿಗೂ ಹಂಚಿಹೋಗಿ ಬಸುರಿಗೆ ಉಳಿಯುವುದಿಲ್ಲ. ಅವಳ ಪಾಲು ಅವಳ ಹಕ್ಕು. ಹಾಗೆಂದು ತತ್ತಿ ತಿಂದೆನೆಂದು ಆಸ್ಪತ್ರೆಯ ಕಬ್ಬಿಣಾಂಶದ ಗುಳಿಗೆ ಬಿಡಬಾರದು. ತತ್ತಿಯ ಅಲರ್ಜಿ ಇರುವವರು ಮಾತ್ರ ತತ್ತಿಯಿಂದ ದೂರವಿರಬೇಕು.

ಇನ್ನು ಹಸಿ ತತ್ತಿಯ ಮಾತು. ಸಾಲ್ಮೊನೆಲ್ಲಾ ಎಂಬ ರೋಗಾಣು ಕೋಳಿಯ ಹಿಕ್ಕೆಯಿಂದ ಸಿಪ್ಪೆಗೆ ಅಂಟುತ್ತದೆ. ರೋಗ ತಗುಲಿದ ಕೋಳಿಯಾದರೆ ಸಿಪ್ಪೆ ಮೂಡುವ ಮೊದಲೇ ತತ್ತಿಯೊಳಗೂ ಸೇರಿರಬಹುದು. ಜವಾರಿ ಕೋಳಿಯೂ ಇದಕ್ಕೆ ಹೊರತಲ್ಲ. ನೀರಲ್ಲಿ ಮುಳುಗಿದ ತತ್ತಿ ತಾಜಾ ಇರಬಹುದು, ಆದರೆ ಅದರಲ್ಲಿ ರೋಗಾಣು ಇಲ್ಲವೆಂದು ಹೇಳಲಾಗದು. ನೋಟ, ವಾಸನೆಯಿಂದಲೂ ತಿಳಿಯದು. ಅದನ್ನು ಕೊಲ್ಲುವುದು ಬೆಂಕಿಯೊಂದೇ.

ಆದ್ದರಿಂದ ಹೀಗೆ ಮಾಡಿ. ಒಡೆದ, ಹೊಲಸು ಮೆತ್ತಿದ ತತ್ತಿ ತರಬೇಡಿ. ತಂದ ಕೂಡಲೇ ತೊಳೆದು ಇಡಬೇಡಿ, ಸಿಪ್ಪೆಯ ಮೇಲಿನ ರಕ್ಷಣೆಯ ಪೊರೆ ಹೋಗುತ್ತದೆ. ತಂಪಾದ ಜಾಗದಲ್ಲಿಡಿ, ಫ್ರಿಜ್ ಇದ್ದರೆ ಅದರಲ್ಲೇ ಇಡಿ. ನೀರು ಕುದಿಯತೊಡಗಿದ ಮೇಲೆ 10–12 ನಿಮಿಷ ಬೇಯಿಸಿ. ಬಿಳಿಯೂ ಹಳದಿಯೂ ಗಟ್ಟಿಯಾಗಬೇಕು. ಆಮ್ಲೆಟ್ ಆದರೆ ಎರಡೂ ಮಗ್ಗುಲು ಬೇಯಲಿ. ಹಸಿ ತತ್ತಿ ಮುಟ್ಟಿದ ಕೈ, ಬಟ್ಟಲನ್ನು ಸಾಬೂನಿನಿಂದ ತೊಳೆಯಿರಿ. ಬೇಯಿಸಿದ್ದನ್ನು ಎರಡು ತಾಸಿನೊಳಗೆ ತಿನ್ನಿಸಿ.

ಹಾಫ್ ಬಾಯಿಲ್, ಹಳದಿ ಹರಿಯುವ ಬುಲ್ಸ್ ಐ ಬಸುರಿಗೆ ಬೇಡ. ಶವರ್ಮಾದ ಜೊತೆ ಬರುವ ಮೇಯೊನೇಸ್ ಬಗ್ಗೆಯೂ ಎಚ್ಚರವಿರಲಿ. ಹಸಿ ತತ್ತಿಯಿಂದ ಮಾಡಿದ ಮೇಯೊನೇಸನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧಿಸಿದವು.

ತಿಂದ ಕೆಲವು ತಾಸುಗಳಲ್ಲಿ ಅಥವಾ ಕೆಲವು ದಿನಗಳೊಳಗೆ ಜ್ವರ, ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ. ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಸುರಿಯ ಮೈಯ ನೀರು ಬತ್ತಿದರೆ ಅಪಾಯ ಇಬ್ಬರಿಗೂ.

ತಾಯಿ ನಿತ್ರಾಣದ ಮೇಲೆ ನಿತ್ರಾಣ ಸಹಿಸಿ ನಮ್ಮನ್ನು ಹೊತ್ತಳೆಂದು ಕುರ್‌ಆನ್ ನೆನಪಿಸುತ್ತದೆ. ಇಂದು ಮನೆಗೆ ಹೋದ ಮೇಲೆ ಸೊಸೆ, ಮಗಳು, ಮಡದಿಯ ತಟ್ಟೆಗೆ ಮೊದಲು ಬಡಿಸಿ. ಅಲ್ಲಾಹನು ಅವರಿಗೂ ಹುಟ್ಟಲಿರುವ ಮಕ್ಕಳಿಗೂ ಆರೋಗ್ಯ ಕರುಣಿಸಲಿ. ಆಮೀನ್.