ಹಿತ್ತಲ ಕೋಳಿಗಳ ಅಜೀರ್ಣವೂ ಅಂಟುಜಾಡ್ಯವೂ

ಹಿತ್ತಲಲ್ಲಿ ಹತ್ತು ಹದಿನೈದು ನಾಟಿ ಕೋಳಿಗಳನ್ನು ಸಾಕಿರುವ ಸಂಸಾರಕ್ಕೆ ಅವುಗಳಿಂದ ಬರುವ ಆದಾಯವು ಅಲ್ಪವೆಂದು ತೋರಬಹುದು. ಆದರೆ ಉಪ್ಪು ಎಣ್ಣೆಗೆ, ಮಕ್ಕಳ ಪುಸ್ತಕಕ್ಕೆ, ಸಮಯಕ್ಕೊದಗುವ ಔಷಧಕ್ಕೆ ಮನೆಯ ಹೆಂಗಸರ ಕೈಯಲ್ಲಿ ಓಡಾಡುವ ಹಣವು ಬಹುಮಟ್ಟಿಗೆ ಈ ಕೋಳಿಗಳದೇ. ಇಂತಹ ಹಿಂಡು ಒಂದೇ ವಾರದಲ್ಲಿ ನಾಶವಾಗುವುದನ್ನು ನಮ್ಮ ರೈತರು ಅನೇಕಾವರ್ತಿ ಕಂಡಿದ್ದಾರೆ. ಕೋಳಿಯು ಮೇವು ಬಿಟ್ಟು ನೀರಾಗಿ ಹಿಕ್ಕೆ ಹಾಕಿದೊಡನೆ ಅಜೀರ್ಣವೆಂದು ಎಣಿಸಿ, ಬೆಳ್ಳುಳ್ಳಿ ಅರಿಸಿನಗಳನ್ನು ನುಂಗಿಸಿ, ಅದನ್ನು ಹಿಂಡಿನಲ್ಲಿಯೇ ಬಿಡುವುದು ಈ ನಷ್ಟಕ್ಕೆ ಒಂದು ಮುಖ್ಯ ಕಾರಣವು. ಆದಕಾರಣ ಅಜೀರ್ಣ ಯಾವುದು, ಅಂಟುಜಾಡ್ಯ ಯಾವುದು ಎಂಬುದನ್ನು ಮೊದಲು ವಿಂಗಡಿಸಿ ತಿಳಿಯತಕ್ಕದ್ದು.

ಆರೋಗ್ಯದ ಗುರುತು.— ಸ್ವಸ್ಥವಾದ ಕೋಳಿಯ ಹಿಕ್ಕೆಯು ಗಟ್ಟಿಯಾಗಿ, ಬೂದು ಅಥವಾ ಕಂದುಬಣ್ಣವಾಗಿದ್ದು, ಮೇಲೆ ಬಿಳಿಯ ಕೆನೆಯಂತಿರುವ ಭಾಗವನ್ನು ಹೊಂದಿರುತ್ತದೆ. ಈ ಬಿಳುಪು ಅದರ ಮೂತ್ರವೇ ಹೊರತು ರೋಗವಲ್ಲ. ನಡುನಡುವೆ ಮೆತ್ತಗಿನ ಕಂದು ಹಿಕ್ಕೆ ಬೀಳುವುದೂ ಸಹಜವೇ.

ಮೇವುಚೀಲದ ತೊಂದರೆ.— ಬೆಳಗಿನ ಜಾವ ಗೂಡಿನ ಬಾಗಿಲು ತೆರೆಯುವ ಮುಂಚೆ ಕೋಳಿಯ ಎದೆಯ ಮೇಲ್ಭಾಗವನ್ನು ಮುಟ್ಟಿ ನೋಡಬೇಕು. ರಾತ್ರಿಯ ಮೇವು ಇಳಿದು ಚೀಲವು ಬರಿದಾಗಿರಬೇಕು. ಅದು ಗಟ್ಟಿಯಾಗಿ ಉಬ್ಬಿದ್ದರೆ ನಾರುಹುಲ್ಲೋ ದಾರವೋ ಸಿಕ್ಕಿಕೊಂಡಿರಬಹುದು. ಆಗ ಒಂದು ಸಣ್ಣ ಚಮಚ ಕಡಲೆಕಾಯಿ ಎಣ್ಣೆಯನ್ನು ಹನಿಹನಿಯಾಗಿ ಕುಡಿಸಿ, ಚೀಲವನ್ನು ಮೃದುವಾಗಿ ನೀವಿ, ಒಂದು ದಿವಸ ಕಾಳು ಹಾಕದೆ ನೀರನ್ನು ಮಾತ್ರ ಇಡುವುದು. ಕೋಳಿಯನ್ನು ತಲೆಕೆಳಗು ಹಿಡಿಯಲೇ ಕೂಡದು. ಚೀಲದಲ್ಲಿರುವುದು ಶ್ವಾಸನಾಳಕ್ಕೆ ನುಗ್ಗಿ ಪ್ರಾಣ ಹೋದೀತು. ಎರಡು ದಿವಸಗಳಲ್ಲಿ ಗುಣ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಈ ತೊಂದರೆಯು ಸಾಧಾರಣವಾಗಿ ಒಂದೇ ಕೋಳಿಗೆ ಬರುವುದೆಂಬುದನ್ನು ನೆನಪಿಡತಕ್ಕದ್ದು.

ರಕ್ತದ ಹಿಕ್ಕೆ.— ಮೂರರಿಂದ ಆರು ವಾರಗಳ ಮರಿಗಳು ಗರಿ ಕೆದರಿ ಮುದುರಿ ನಿಂತು ರಕ್ತಮಿಶ್ರಿತವಾಗಿ ಹಿಕ್ಕೆ ಹಾಕಿದರೆ ಅದು ಕಾಕ್ಸಿಡಿಯೋಸಿಸ್ ಎಂಬ ಬೇನೆಯಾಗಿರುವುದು ಹೆಚ್ಚು. ಇದರ ಸೂಕ್ಷ್ಮಜೀವಿಗಳು ತೇವವಾದ ನೆಲದಲ್ಲಿ ಒಂದೆರಡು ದಿವಸಗಳಲ್ಲಿಯೇ ಬಲಿತು ಇತರ ಮರಿಗಳಿಗೆ ಹರಡುತ್ತವೆ. ಸಾಮಾನ್ಯ ಕ್ರಿಮಿನಾಶಕಗಳಿಗೆ ಸುಲಭವಾಗಿ ಸಾಯುವುದಿಲ್ಲ. ವೈದ್ಯರ ಸಲಹೆಯಂತೆ ಆಂಪ್ರೋಲಿಯಂ ಔಷಧವನ್ನು ನೀರಿನಲ್ಲಿ ಬೆರೆಸಿ ಕೊಡುವುದರ ಜೊತೆಗೆ, ಹಾಸನ್ನು ಬದಲಿಸಿ ನೆಲವನ್ನು ಒಣಗಿಸಬೇಕು.

ಹಸಿರು ಹಿಕ್ಕೆ.— ಹಿಕ್ಕೆಯು ಹಸಿರು ನೀರಾಗಿ, ಕೋಳಿಯು ಬಾಯಿತೆರೆದು ಉಸಿರೆಳೆಯುತ್ತ, ಕಾಲು ರೆಕ್ಕೆಗಳು ಸೋತು ಕತ್ತು ತಿರುಚಿಕೊಂಡರೆ, ಕೊಕ್ಕರೆ ರೋಗವೆಂದೂ ಕರೆಯಲ್ಪಡುವ ರಾಣಿಖೇತ್ ಜಾಡ್ಯವನ್ನು ಶಂಕಿಸತಕ್ಕದ್ದು. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಗುರುತಿಸಲ್ಪಟ್ಟ ಈ ವೈರಸ್ ರೋಗಕ್ಕೆ ಹಿಮಾಲಯದ ರಾಣಿಖೇತ್ ಪಟ್ಟಣದಿಂದ ನಮ್ಮ ದೇಶದಲ್ಲಿ ಹೆಸರು ಬಂದಿತು. ತಗುಲಿದ ಮೇಲೆ ಇದಕ್ಕೆ ಔಷಧವಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುವುದು ಉಚಿತ. ಕೆಲವು ವರ್ಷಗಳ ಕೆಳಗೆ ಸರ್ಕೀಟಿನಲ್ಲಿದ್ದಾಗ ಒಂದು ಗ್ರಾಮದ ವಿಧವೆಯೊಬ್ಬಳು ತನ್ನ ಮಂಕಾದ ಕೋಳಿಯನ್ನು ತಂದು ತೋರಿಸಿದಳು. ಮೇವುಚೀಲ ತುಂಬಿದ್ದುದನ್ನು ಮಾತ್ರ ಮುಟ್ಟಿ ನೋಡಿ ಅಜೀರ್ಣವೆಂದು ಹೇಳಿ ಎಣ್ಣೆ ಕುಡಿಸಲು ತಿಳಿಸಿ ಬಂದೆನು. ಅಂಟುಜಾಡ್ಯದಲ್ಲಿಯೂ ಮೇವು ಇಳಿಯದೆ ನಿಲ್ಲಬಹುದೆಂಬುದು ಆಗ ನನ್ನ ಮನಸ್ಸಿಗೆ ಹೊಳೆಯಲಿಲ್ಲ. ಹತ್ತು ದಿವಸಗಳ ಮೇಲೆ ಹೋಗಿ ನೋಡಲು, ಹದಿನೇಳರಲ್ಲಿ ಮೂರು ಮಾತ್ರ ಉಳಿದಿದ್ದವು. ನೆರೆಮನೆಯ ಗೂಡೂ ಬರಿದಾಗಿತ್ತು. ಹಿಂದಿನ ವಾರದ ಸಂತೆಯಿಂದ ಒಂದು ಹುಂಜವನ್ನು ತಂದಿದ್ದಳಂತೆ. “ಹೊಸ ಕೋಳಿ ಯಾವಾಗ ಬಂದಿತು?” ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಅಂದಿನಿಂದ ಮೊದಲು ಕೇಳುವುದು ಅದನ್ನೇ.

ರೈತರು ಅನುಸರಿಸತಕ್ಕ ಕ್ರಮಗಳು:—

1. ಕಾಯಿಲೆಯ ಕೋಳಿಯನ್ನು ಕಂಡ ಗಳಿಗೆಯೇ ಬೇರೆ ಇಟ್ಟು, ಸ್ವಸ್ಥ ಕೋಳಿಗಳ ಕೆಲಸ ಮುಗಿಸಿದ ಮೇಲೆಯೇ ಅದರ ಬಳಿಗೆ ಹೋಗಿ, ಬಳಿಕ ಕೈಕಾಲು ತೊಳೆಯುವುದು.

2. ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ಪ್ರತ್ಯೇಕವಾಗಿ ಕಟ್ಟಿಹಾಕುವುದು.

3. ರಾಣಿಖೇತ್ ತಡೆಯಲು ಮರಿಗಳಿಗೆ 5ರಿಂದ 7ನೆಯ ದಿವಸದಲ್ಲಿ ಲಸೋಟಾ ಲಸಿಕೆಯ ಹನಿಯನ್ನು ಕಣ್ಣಿಗೆ ಅಥವಾ ಮೂಗಿಗೆ ಹಾಕಿಸಿ, 6ರಿಂದ 8ನೆಯ ವಾರದಲ್ಲಿ ಆರ್‌ಟುಬಿ ಚುಚ್ಚುಮದ್ದು ಹಾಕಿಸುವುದು. ಲಸಿಕೆಯ ಒಂದು ಸೀಸೆಯು ನೂರಾರು ಕೋಳಿಗಳಿಗೆ ಸಾಲುವುದರಿಂದಲೂ, ಕಲಸಿದ ಮೇಲೆ ಉಳಿಯದ್ದರಿಂದಲೂ, ಕೇರಿಯವರೆಲ್ಲ ಒಟ್ಟುಗೂಡಿ ಒಂದೇ ದಿವಸ ಹಾಕಿಸುವುದು ಲಾಭಕರ.

4. ಸತ್ತ ಕೋಳಿಯನ್ನು ತಿನ್ನದೆ, ಕೆರೆ ಬಾವಿಗಳ ಬಳಿ ಎಸೆಯದೆ, ಸುಣ್ಣ ಹಾಕಿ ಆಳವಾಗಿ ಹೂಳುವುದು.

5. ಅನೇಕ ಕೋಳಿಗಳು ಒಮ್ಮೆಲೇ ಸತ್ತರೆ ಬರಿಗೈಯಿಂದ ಮುಟ್ಟದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸುವುದು. 2006ರಲ್ಲಿ ನಮ್ಮ ದೇಶದಲ್ಲಿ ಮೊದಲು ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿಕೊಂಡ ಹಕ್ಕಿಜ್ವರವು ಮನುಷ್ಯರಿಗೂ ತಗುಲಬಲ್ಲದು.

ಒಂದು ಕೋಳಿಯ ಅಜೀರ್ಣಕ್ಕೆ ಮನೆಯ ಮದ್ದು ಸಾಕಾಗಬಹುದು. ಎರಡನೆಯ ಕೋಳಿಯೂ ಮಂಕಾದರೆ ಮದ್ದನ್ನು ಬದಿಗಿಟ್ಟು ಬೇರ್ಪಡಿಸುವ ಕೆಲಸಕ್ಕೆ ಕೈಹಾಕತಕ್ಕದ್ದು. ಹಿಂಡು ಉಳಿಯುವುದೂ ಅಳಿಯುವುದೂ ಆ ಒಂದು ದಿವಸದ ಎಚ್ಚರಿಕೆಯ ಮೇಲೆ ನಿಂತಿದೆ.